ಹಳೆಯದು ಒಳಗೆ, ಹೊಸದು ಹೊರಗೆ

ಅಪ್ಪ-ಅಮ್ಮನ ಮದುವೆಗೆ 50 ವರ್ಷ ತುಂಬಿದ ಸಂಭ್ರಮಕ್ಕೆ ಪುಟ್ಟದೊಂದು ವಿಡಿಯೊ ಮಾಡೋಣವೆಂದು ರಾತ್ರಿ ಕಂಪ್ಯೂಟರ್ ಮುಂದೆ ಕೂತೆ. ನನ್ನ ಹಳೆಯ ಎಡಿಟಿಂಗ್ ಸಾಫ್ಟ್‌ವೇರ್, ಆಲ್ಬಮ್ಮಿನಿಂದ ಸ್ಕ್ಯಾನ್ ಮಾಡಿದ ಕಪ್ಪು-ಬಿಳುಪು ಧಾರೆಯ ಚಿತ್ರಗಳನ್ನು ತಕರಾರಿಲ್ಲದೆ ಒಳಗೆ ಬಿಟ್ಟುಕೊಂಡಿತು. ತಂಗಿ ಮೊನ್ನೆ ಐಫೋನಿನಲ್ಲಿ ತೆಗೆದವಕ್ಕೆ ಮಾತ್ರ ಬಾಗಿಲು ಹಾಕಿತು. ಫೋಲ್ಡರಿನಲ್ಲಿ ಫೈಲಿದೆ, ಪರದೆಯ ಮೇಲೆ ಬರೀ ಖಾಲಿ ಚೌಕ. ಫೈಲಿನ ಬಾಲದಲ್ಲಿದ್ದ ‘ಎಚ್‌ಇಐಸಿ’ ಅಳಿಸಿ ‘ಜೆಪಿಜಿ’ ಎಂದು ಬರೆದೆ. ಹೆಸರು ಬದಲಿಸಿದರೆ ಜಾತಕ ಬದಲಾದೀತೆ? 2017ರಲ್ಲಿ ಬಂದ ಐಒಎಸ್ 11ರಿಂದ ಈಚೆಗೆ ಐಫೋನ್, ಜಾಗ ಉಳಿಸಲೆಂದು ಚಿತ್ರಗಳನ್ನು ಎಚ್‌ಇಐಸಿ ರೂಪದಲ್ಲಿ ಇಡುತ್ತದೆ. ಜೆಪಿಜಿಗೆ ಬೇಕಾದ ಜಾಗದಲ್ಲಿ ಹೆಚ್ಚುಕಡಿಮೆ ಅರ್ಧ ಸಾಕು. 2017ಕ್ಕೂ ಹಿಂದಿನ ಸಾಫ್ಟ್‌ವೇರಿಗೆ ಈ ಲಿಪಿಯೇ ಬಾರದು. ಮದ್ದು ಸರಳ: ಚಿತ್ರವನ್ನು ತೆರೆದು ಜೆಪಿಜಿಯಾಗಿ ಎಕ್ಸ್‌ಪೋರ್ಟ್ ಮಾಡಿ, ಆಮೇಲೆ ಸೇರಿಸಿ. ಮುಂದೆ ತೆಗೆಯುವ ಚಿತ್ರಗಳಿಗೆ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅದರೊಳಗೆ ಫಾರ್ಮ್ಯಾಟ್ಸ್, ಅಲ್ಲಿ ‘ಮೋಸ್ಟ್ ಕಂಪ್ಯಾಟಿಬಲ್’ ಒತ್ತಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದರೆ ಜೆಪಿಜಿಯೇ ಬರುತ್ತದೆ ನಿಜ, ಆದರೆ ಕುಗ್ಗಿ ಬರುತ್ತದೆ; ದೊಡ್ಡ ಟಿವಿಯಲ್ಲಿ ಅಮ್ಮನ ಸೀರೆಯ ಜರಿಯೆಲ್ಲ ಮಸುಕು ಮಸುಕು. ಸಾಫ್ಟ್‌ವೇರ್ ಕೆಟ್ಟಿದೆಯೆಂದು ಅದನ್ನು ಕಿತ್ತು ಮತ್ತೆ ಹಾಕಿ ರಾತ್ರಿಯೆಲ್ಲ ನಿದ್ದೆಗೆಡುವ ಮೊದಲು, ಫೈಲಿನ ಬಾಲವನ್ನೊಮ್ಮೆ ನೋಡಿಬಿಡಿ.