ಕಡಿಮೆಯಾಗುವ ಬಗೆ

ಯಾವುದಾದರೊಂದನ್ನು ಮೆಲ್ಲಮೆಲ್ಲನೆ ಕಡಿಮೆ ಮಾಡುವುದಕ್ಕೆ ಇಂಗ್ಲಿಷಿನಲ್ಲಿ ಇರುವ ಮಾತುಗಳನ್ನು ಕಂಡು ನಮ್ಮ ಮಿತ್ರರಲ್ಲಿ ಅನೇಕರು ಬೆರಗಾಗುತ್ತಾರೆ. ಕನ್ನಡಕ್ಕೆ ಆ ಸಂಪತ್ತಿಲ್ಲವೆಂದು ಮರುಗುತ್ತಾರೆ. ಈ ಮರುಕ ಅನಾವಶ್ಯಕವೆಂದು ನನ್ನ ಅಭಿಪ್ರಾಯ.

ಆ ಮಾತುಗಳು ಬಂದುದಾದರೂ ಎಲ್ಲಿಂದ? 'ಟೇಪರ್' ಎಂದರೆ ಮೊದಲು ಮೇಣದ ಬತ್ತಿ. ತುದಿಯತ್ತ ಸಣ್ಣಗಾಗುವ ಅದರ ಆಕಾರದಿಂದ ಕ್ರಿಯಾಪದ ಹುಟ್ಟಿತು. 'ವಿಟ್ಲ್' ಎಂಬುದು ಒಂದು ಚಾಕುವಿನ ಹೆಸರು. ಅದರಿಂದ ಮರವನ್ನು ಕೆತ್ತಿ ಕೆತ್ತಿ ಸಣ್ಣದು ಮಾಡುವ ಅರ್ಥ ಬಂತು. 'ವೀನ್' ಎಂದರೆ ಮಗುವಿಗೆ ಮೊಲೆ ಬಿಡಿಸುವುದು. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ರೂಢಿ ಮಾಡಿಸುವುದೆಂದೇ ಅರ್ಥ. ಎಲ್ಲವೂ ಮನೆಯ ಮಾತುಗಳೇ, ಪಂಡಿತರು ಸಭೆ ಸೇರಿ ಕಟ್ಟಿದವಲ್ಲ.

ಹಾಗಾದರೆ ನಮ್ಮ ಮನೆಯೇನು ಬರಿದೆ? ಅಕ್ಷರ ಕಲಿಯದ ನನ್ನ ತಾಯಿ 'ಕಡಿಮೆ ಮಾಡು' ಎನ್ನುವುದೇ ಅಪರೂಪ. ಒಲೆಯ ಉರಿ ತಗ್ಗಿಸುತ್ತಾಳೆ, ಪಲ್ಯದ ನೀರು ಇಂಗಿಸುತ್ತಾಳೆ, ಕರುವಿಗೆ ಹಾಲು ಬಿಡಿಸುತ್ತಾಳೆ. ಅವಳ ಬಾಯಲ್ಲಿ ಊತ ಇಳಿಯುತ್ತದೆ, ಕುಡುಗೋಲು ಸವೆಯುತ್ತದೆ, ಕೆರೆ ಬತ್ತುತ್ತದೆ. ತಗ್ಗಿದ ಉರಿ ಇನ್ನೂ ಉರಿಯುತ್ತಲೇ ಇರುತ್ತದೆ. ಇಂಗಿದ ನೀರು ಇರುವುದೇ ಇಲ್ಲ.

ಈ ಭೇದ ಸಣ್ಣದಲ್ಲ. 2021ರ ನವೆಂಬರಿನಲ್ಲಿ ಗ್ಲಾಸ್ಗೋದ ಹವಾಮಾನ ಸಮ್ಮೇಳನದಲ್ಲಿ, ಕಲ್ಲಿದ್ದಲಿನ ವಿದ್ಯುತ್ತನ್ನು 'ಫೇಸ್ ಔಟ್' ಮಾಡಬೇಕೆಂದಿದ್ದ ಕರಡನ್ನು ಭಾರತದ ಸೂಚನೆಯಂತೆ ಕೊನೆಯ ಗಳಿಗೆಯಲ್ಲಿ 'ಫೇಸ್ ಡೌನ್' ಎಂದು ತಿದ್ದಲಾಯಿತು. ಮೊದಲನೆಯದು ಇಂಗಿಸುವುದು, ಎರಡನೆಯದು ತಗ್ಗಿಸುವುದು. ಅಧ್ಯಕ್ಷರಾಗಿದ್ದ ಅಲೋಕ್ ಶರ್ಮಾ ಸಭೆಯ ಕ್ಷಮೆ ಬೇಡುತ್ತ ಗದ್ಗದಿತರಾದರು. (ನಮ್ಮ ದೇಶದ ವಾದದ ಸರಿತಪ್ಪು ಇಲ್ಲಿ ಬೇಡ.) ಎರಡನ್ನೂ 'ಹಂತ ಹಂತವಾಗಿ ಕಡಿಮೆ ಮಾಡುವುದು' ಎಂದು ಕನ್ನಡಿಸಿಬಿಟ್ಟರೆ ಓದುವವನಿಗೆ ಜಗಳವೇ ಕಾಣದು.

ಔಷಧದಲ್ಲಂತೂ ಇದು ಪ್ರಾಣದ ಪ್ರಶ್ನೆ. ಬಹುಕಾಲ ಸ್ಟೀರಾಯ್ಡ್ ಮಾತ್ರೆ ನುಂಗಿದವರು ಅದನ್ನು ಥಟ್ಟನೆ ನಿಲ್ಲಿಸಬಾರದು. ಮೂತ್ರಪಿಂಡದ ಮೇಲಿರುವ ಗ್ರಂಥಿಗಳು ಅಷ್ಟರಲ್ಲಿ ತಮ್ಮ ಕೆಲಸ ಮರೆತಿರುತ್ತವೆ. ಮತ್ತೆ ರೂಢಿಯಾಗಲು ಕಾಲ ಬೇಕು. ವೈದ್ಯರು ಇದಕ್ಕೆ 'ಟೇಪರ್' ಎನ್ನುತ್ತಾರೆ. ಚೀಟಿ ಹಿಡಿದು ಹಳ್ಳಿಗೆ ಮರಳುವವನಿಗೆ ಬರಿದೆ 'ಕಡಿಮೆ ಮಾಡಿ' ಎಂದರೆ ಎಷ್ಟು, ಎಲ್ಲಿಯವರೆಗೆ? 'ಕರುವಿಗೆ ಹಾಲು ಬಿಡಿಸಿದ ಹಾಗೆ ಬಿಡಿಸಬೇಕು, ಈ ವಾರ ಇಷ್ಟು, ಮುಂದಿನ ವಾರ ಇಷ್ಟು' ಎಂದು ನೋಡಿ. ನಮ್ಮೂರಿನಲ್ಲಿ ಯಾರಿಗೂ ಎರಡನೆಯ ಸಲ ಹೇಳಬೇಕಾಗುವುದಿಲ್ಲ.