ಸುದ್ದಿ ಮುಗಿದ ಮೇಲೆ ಶುರುವಾದ ಕೆಲಸ

ಹಿಂದೂ ಮಹಾಸಾಗರದ ರಾಡ್ರಿಗಸ್ ದ್ವೀಪದಲ್ಲಿ 1980ರ ಹೊತ್ತಿಗೆ ಶಾಲಾ ಹುಡುಗನೊಬ್ಬ ಒಂದು ಟೊಂಗೆ ಮುರಿದು ತಂದು ಮೇಷ್ಟ್ರು ರೇಮಂಡ್ ಆ-ಕೀ ಅವರ ಕೈಗಿತ್ತ. ಊರಿನ ಗಿಡಮರಗಳನ್ನು ಮಕ್ಕಳಿಗೆ ಪರಿಚಯಿಸುವ ಹುಮ್ಮಸ್ಸಿನ ಮೇಷ್ಟ್ರು ಅವರು. ಟೊಂಗೆಯ ಗುರುತು ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಪತ್ತೆಯಾಯಿತು: ಕಾಫಿಯ ಕುಟುಂಬಕ್ಕೇ ಸೇರಿದ, ಅಳಿದೇಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ 'ಕಾಫೆ ಮರಾನ್'. ಇಡೀ ಜಗತ್ತಿನಲ್ಲಿ ಉಳಿದಿದ್ದುದು ಅದೊಂದೇ ಗಿಡ.

ಪತ್ರಿಕೆಗಳಿಗೆ ಕಥೆ ಇಲ್ಲಿಗೆ ಮುಗಿಯುತ್ತದೆ. ಗಿಡದ ಪಾಡು ಮಾತ್ರ ಇಲ್ಲಿಂದ ಶುರು.

ಸುದ್ದಿ ಹಬ್ಬಿದ್ದೇ ತಡ, ಜನ ಬಂದು ಟೊಂಗೆ, ಎಲೆ ಕಿತ್ತುಕೊಂಡು ಹೋಗತೊಡಗಿದರು. ಅದು ಗುಹ್ಯರೋಗಕ್ಕೆ ಮದ್ದು, ಕುಡಿದ ಮಾರನೆಯ ದಿನದ ತಲೆನೋವಿಗೂ ಮದ್ದು ಎಂಬುದು ಅಲ್ಲಿನ ನಂಬಿಕೆ. ಬೇಲಿ ಹಾಕಿದರೆ ಬೇಲಿ ಹಾರಿದರು. ಯಾರಿಗೂ ಬೇಡವಾಗಿದ್ದಾಗ ಹೇಗೋ ಬದುಕಿದ್ದ ಗಿಡಕ್ಕೆ ಈಗ ಬೇಲಿಯ ಹೊರಗೊಂದು ಬೇಲಿ ಬೇಕಾಯಿತು. 1986ರಲ್ಲಿ ಅದರ ಕಡ್ಡಿಗಳು ಕ್ಯೂ ತಲುಪಿದವು. ಬೇರು ಬಿಟ್ಟಿದ್ದು ಒಂದೇ. ಅದು ಹೂವನ್ನೇನೋ ಧಾರಾಳವಾಗಿ ಬಿಟ್ಟಿತು, ಕಾಯಿ ಮಾತ್ರ ಕಟ್ಟಲಿಲ್ಲ. ವರ್ಷಗಟ್ಟಲೆ ಬರೀ ಹೂವು. ಕೊನೆಗೆ ಕಾರ್ಲೋಸ್ ಮಗ್ಡಲೆನಾ ಎಂಬ ತೋಟಗಾರಿಕೆ ತಜ್ಞ ಶಲಾಕೆಯ ತುದಿ ಕತ್ತರಿಸಿ ಪರಾಗ ಸವರಿ, ಗಾಜಿನ ಮನೆಯ ಬಿಸಿ ಮೂಲೆಯಲ್ಲಿಟ್ಟು, ಮತ್ತೆ ಮತ್ತೆ ಪ್ರಯತ್ನಿಸಿ 2003ರಲ್ಲಿ ಹಣ್ಣು ಪಡೆದ. ಅದರ ಬೀಜದಿಂದ ಎದ್ದ ಪೀಳಿಗೆಯ ಸಸಿಗಳು ಆಮೇಲೆ ರಾಡ್ರಿಗಸ್‌ಗೆ ಮರಳಿದವು. ಟೊಂಗೆ ಮುರಿಯಲು ಹುಡುಗನಿಗೆ ಒಂದು ಗಳಿಗೆ ಸಾಕಾಗಿತ್ತು. ಒಂದು ಹಣ್ಣಿಗೆ ಎರಡು ದಶಕ ದಾಟಿತು.

ನಮ್ಮ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿಗೂ ಇಂಥ ಸುದ್ದಿಯ ದಿನಗಳು ಬಂದಿದ್ದವು. ರಾಮಪತ್ರೆ ಜಾತಿಯ ಮರಗಳು ಕೆಸರಿನಿಂದ ಮಂಡಿಯಂತೆ ಬೇರು ಎತ್ತಿ ನಿಂತಿರುವ ಜೌಗು ಕಾಡು ಅದು. ಕೇರುಮರದ ನಂಟಿನ ಹೊಸ ಮರವೊಂದು 2000ರಲ್ಲಿ ಆ ಕಾಡಿನ ಹೆಸರನ್ನೇ ಹೊತ್ತು ವಿಜ್ಞಾನದ ಪಟ್ಟಿ ಸೇರಿತು: ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. ಎಂಟು ವರ್ಷದ ತರುವಾಯ ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ಇಂಥ ಹಳೆಯ ಕಾನುಗಳಲ್ಲಿ ಇನ್ನೆರಡು ಮರಗಳನ್ನು ವರದಿ ಮಾಡಿದರು. ಹಿಪ್ಪೆಯ ಬಂಧು ಮಧುಕಾ ಬೋರ್ಡಿಲ್ಲೋನಿ ಒಂದು, ನೇರಳೆಯ ಬಂಧು ಸಿಜಿಜಿಯಂ ಟ್ರಾವಂಕೋರಿಕಂ ಇನ್ನೊಂದು. ಎರಡನ್ನೂ ಒಂದು ಕಾಲಕ್ಕೆ ಅಳಿದವೆಂದೇ ಎಣಿಸಲಾಗಿತ್ತು. ಆಮೇಲೆ ಸಿಕ್ಕಿದಾಗಲೂ, ತೆಂಕಣ ಕೇರಳದವು ಎಂದೇ ನಂಬಿಕೆ. ಸುಮಾರು 700 ಕಿಲೋಮೀಟರ್ ಬಡಗಲಿಗೆ, ನಮ್ಮ ಹಿತ್ತಿಲಲ್ಲೇ ಅವು ಇದ್ದವು!

ಅವು ಇಲ್ಲಿ ಉಳಿದದ್ದು ಆಕಸ್ಮಿಕವಲ್ಲ. ಊರವರು ದೇವರ ಕಾಡೆಂದು ಕೊಡಲಿ ಹಾಕದೆ ಬಿಟ್ಟ ಕಾನುಗಳಿವು. ವರ್ಷವಿಡೀ ಒರತೆ ಆರದ ಜಾಗ. ಅದೇ ನೀರಿನ ಆಸೆಗೆ ಎಷ್ಟೋ ಕಡೆ ಜೌಗು ಒಡೆದು ಗದ್ದೆಯಾಯಿತು, ಅಡಿಕೆ ತೋಟವಾಯಿತು. ರೈತನನ್ನೊಬ್ಬನನ್ನೇ ದೂರುವುದು ಸುಲಭ, ನ್ಯಾಯವಲ್ಲ. ಅವನ ಗದ್ದೆಯ ಮೇಲ್ಗಡೆ ನಿಂತ ಮರ ಇಂಥದ್ದು ಎಂದು ಅವನಿಗೆ ಹೇಳಿದವರಾದರೂ ಯಾರು? ಸಂಶೋಧನಾ ಪ್ರಬಂಧ ಇಂಗ್ಲಿಷಿನಲ್ಲಿದೆ, ಮರಕ್ಕೆ ಇಟ್ಟ ಹೆಸರು ಲ್ಯಾಟಿನ್ನಿನಲ್ಲಿದೆ.

ಸರ್ಕಾರದ ಹಣವೂ ಸುದ್ದಿಯಂತೆಯೇ: ಎರಡು ಮೂರು ವರ್ಷದ ಯೋಜನೆ, ವರದಿ, ಮುಕ್ತಾಯ. ಮರಗಳ ಲೆಕ್ಕಾಚಾರ ಬೇರೆ. ರಾಮಪತ್ರೆಯ ಬೀಜವನ್ನು ಒಣಗಿಸಿ ಡಬ್ಬಿಯಲ್ಲಿ ಕಾಪಿಡಲು ಬಾರದು, ಒಣಗಿದರೆ ಸತ್ತಂತೆ. ಉದುರಿದ್ದನ್ನು ಹಸಿಯಾಗಿಯೇ ಆರಿಸಿ, ಬೇಗನೆ ಮಡಿಗೆ ಹಾಕಬೇಕು. ಅದಕ್ಕೆ ಆ ಹೊತ್ತಿನಲ್ಲಿ ಕಾಡಿನಲ್ಲೇ ಇರುವ, ಮರದ ಗುರುತು ಬಲ್ಲ, ವರ್ಷ ವರ್ಷ ಬದಲಾಗದ ಊರಿನವರೇ ಒಬ್ಬರು ಬೇಕು, ಅವರಿಗೆ ತಿಂಗಳ ಸಂಬಳವೂ ಬೇಕು.