ಜೆಸಿಬಿ ಇರುವಾಗ ಶ್ರಮದಾನ ಯಾಕೆ?

ಚನ್ನಪಟ್ಟಣದ ಆಸುಪಾಸಿನ ಯಾವುದಾದರೂ ಹಳ್ಳಿಯ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗಿ ನೋಡಿ. ಕೆರೆ ಏರಿಯ ಮೇಲೆ ಬ್ಯಾನರ್, ತಲೆಗೆ ಟೋಪಿ, ಕೈಯಲ್ಲಿ ಗುದ್ದಲಿ, ಮಂಕರಿ. ಏಳು ದಿನ ಆ ಮಕ್ಕಳು ಎತ್ತುವ ಹೂಳನ್ನು ಒಂದು ಜೆಸಿಬಿ ಮಧ್ಯಾಹ್ನದ ಊಟದೊಳಗೆ ಎತ್ತಿ ಹಾಕುತ್ತದೆ. ಅರಳಿಕಟ್ಟೆಯ ಮೇಲೆ ಕೂತ ಯಜಮಾನರಿಗೆ ಇದು ಗೊತ್ತು, ಸೌಜನ್ಯಕ್ಕೆ ಸುಮ್ಮನಿರುತ್ತಾರೆ ಅಷ್ಟೆ. ಹಾಗಿದ್ದರೆ ಇಷ್ಟು ಜನರನ್ನು ಕರೆತಂದು, ಶಾಲೆಯಲ್ಲಿ ಮಲಗಿಸಿ, ಕೆಲಸ ಮಾಡಿಸುವುದೇಕೆ?

ವ್ಯಕ್ತಿತ್ವ ವಿಕಸನಕ್ಕೆ ಎನ್ನುವುದು ವಾಡಿಕೆಯ ಉತ್ತರ. ನನಗದು ಒಪ್ಪಿಗೆಯಿಲ್ಲ. ಕಲಿಯುವವರು ಮಕ್ಕಳು, ಊರು ಬರೀ ಪಾಠೋಪಕರಣ ಎಂದಾದರೆ ಅದನ್ನು ಸೇವೆ ಎಂದು ಕರೆಯುವುದು ಸಲ್ಲ. ಊರು ಕೇಳಿದ ಕೆಲಸವನ್ನು, ಊರಿನವರ ಜೊತೆಗೆ ಮಾಡಿದರೆ ಮಾತ್ರ ಶಿಬಿರಕ್ಕೆ ಅರ್ಥ. ಸಂಯೋಜಕರ ನಿಜವಾದ ದುಡಿಮೆ ಇರುವುದೂ ಶಿಬಿರದ ಏಳು ದಿನಗಳಲ್ಲಲ್ಲ, ಅದಕ್ಕೆ ಮುಂಚಿನ ತಿಂಗಳುಗಳಲ್ಲಿ.

ಈ ಬಗೆಯ ಶಿಬಿರಗಳ ಮೂಲದಲ್ಲೇ ಇದಕ್ಕೊಂದು ಪಾಠವಿದೆ. ಮುಂದೆ ಕ್ವೇಕರ್ ಪಂಥ ಸೇರಿದ ಸ್ವಿಸ್ ಎಂಜಿನಿಯರ್ ಪಿಯರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವರ್ಡನ್ ಬಳಿಯ ಎಸ್ನ್ ಎಂಬ, ಮೊದಲ ಮಹಾಯುದ್ಧದಲ್ಲಿ ಹಾಳುಬಿದ್ದ ಹಳ್ಳಿಗೆ ಸ್ವಯಂಸೇವಕರನ್ನು ಕರೆದೊಯ್ದರು. ಗುಂಪಿನಲ್ಲಿ ಜರ್ಮನರೂ ಇದ್ದರು. ಶತ್ರುಗಳೇ ಬಂದು ಮನೆ ಕಟ್ಟಿಕೊಟ್ಟರೆ ದ್ವೇಷ ಕರಗೀತು ಎಂಬುದು ಆಸೆ. ಉದ್ದೇಶ ಉದಾತ್ತವೇ. ಆದರೆ ಗಾಯ ಇನ್ನೂ ಹಸಿಯಾಗಿದ್ದ ಊರು ಜರ್ಮನರ ಕೈಯಿಂದ ಉಪಕಾರ ಪಡೆಯಲು ಒಪ್ಪಲಿಲ್ಲ, ಕೆಲವೇ ತಿಂಗಳಲ್ಲಿ ಶಿಬಿರ ಮುಚ್ಚಿತು. ಊರಿನವರ ಕೃತಘ್ನತೆ ಎಂದು ಇದನ್ನು ತಳ್ಳಿಹಾಕಬಹುದು, ನಾನಂತೂ ಊರಿನ ಪಕ್ಷ. ಯಾರ ಸಹಾಯ, ಯಾವಾಗ ಎಂದು ಹೇಳುವ ಹಕ್ಕು ಮನೆ ಕಳೆದುಕೊಂಡವನಿಗೂ ಇರುತ್ತದೆ. 1934ರ ಬಿಹಾರ ಭೂಕಂಪದ ನಂತರ ಇದೇ ಸೆರೆಸೋಲ್ ಇಲ್ಲಿಗೆ ಬಂದಾಗ ಗಾಂಧೀಜಿಯನ್ನೂ ರಾಜೇಂದ್ರ ಪ್ರಸಾದರನ್ನೂ ಕಂಡರು. ಆಮೇಲೆ ಮುಜಫ್ಫರ್‌ಪುರದ ಕಡೆಯ ಹಳ್ಳಿಗಳ ಮರುನಿರ್ಮಾಣದಲ್ಲಿ ಸ್ಥಳೀಯರೊಂದಿಗೆ ತಾವೂ ಮಣ್ಣು ಹೊತ್ತರು.

ಸೆರೆಸೋಲ್ ಸೇರಿದ ಆ ಕ್ವೇಕರರ ಸಭೆಗಳಲ್ಲಿ ಮತ ಹಾಕುವ ಪದ್ಧತಿಯಿಲ್ಲ. ಎಲ್ಲರ ಮಾತು ಕೇಳಿ, ನಡುನಡುವೆ ಮೌನವಾಗಿ ಕೂತು, ಸಭೆಯ ಒಲವು ಎತ್ತ ಎಂದು ಕಂಡುಕೊಂಡು ಬರೆದಿಡುತ್ತಾರೆ. ಬಹಳ ನಿಧಾನ. ನಮ್ಮ ಶಿಬಿರಾಧಿಕಾರಿಗಳಿಗೆ ಇಷ್ಟು ಪುರುಸೊತ್ತು ಎಲ್ಲಿ ಬರಬೇಕು? ಪಂಚಾಯಿತಿ ಅಧ್ಯಕ್ಷರ ಒಪ್ಪಿಗೆ ಪತ್ರ ಸಿಕ್ಕಿದರೆ ಊರೇ ಒಪ್ಪಿದಂತೆ. ಕೆರೆಯ ಕೆಳಗಿನ ಗದ್ದೆಯವರನ್ನಾಗಲಿ ರೇಷ್ಮೆ ಹುಳು ಸಾಕುವ ಮನೆಯ ಹೆಂಗಸರನ್ನಾಗಲಿ ಯಾರೂ ವಿಚಾರಿಸಿರುವುದಿಲ್ಲ.

ವಿಚಾರಿಸಿದರೆ ಏನಾಗುತ್ತದೆ? ಗಿಡ ನೆಡುವ ಕಾರ್ಯಕ್ರಮವನ್ನೇ ತೆಗೆದುಕೊಳ್ಳಿ. ನರ್ಸರಿಯಲ್ಲಿ ಇದ್ದದ್ದನ್ನು ತಂದು ರಸ್ತೆಬದಿಗೆ ನೆಡುವುದು ರೂಢಿ. ಚನ್ನಪಟ್ಟಣದ ಕಲಾನಗರದ ಗೊಂಬೆ ಕೆಲಸಗಾರರನ್ನು ಕೇಳಿದರೆ ಅವರು ಹೇಳುವ ಹೆಸರು ಬೇರೆ: ಹಾಲೆ ಮರ. ಲೇತಿಗೆ ಕೊಟ್ಟರೆ ನುಣ್ಣಗೆ ಬರುವ, ಅರಗಿನ ಬಣ್ಣ ಚೆನ್ನಾಗಿ ಹಿಡಿಯುವ, ಬಿಳುಪಾದ ಮರ. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕ ಸಿಕ್ಕಿದೆ, ಆ ಹೆಸರನ್ನು ಉಳಿಸಲು ಮರವೂ ಬೇಕಲ್ಲ. ಹಾಲೆ ಸಸಿ ನೆಟ್ಟರೆ ಆಗ ಜೆಸಿಬಿಯ ತಕರಾರೂ ಏಳುವುದಿಲ್ಲ. ಗುಂಡಿ ತೋಡಲು ಯಂತ್ರ ಬರಬಹುದು, ಮೇಕೆ ಬಾಯಿ ಹಾಕದಂತೆ ಸಸಿಗೆ ಮುಳ್ಳು ಕಟ್ಟಿ ಎರಡು ಬೇಸಿಗೆ ನೀರು ಹೊಯ್ಯಲು ಮನುಷ್ಯರೇ ಬೇಕು.

ಇಲ್ಲೇ ಏಳು ದಿನದ ಶಿಬಿರ ಸೋಲುವುದು. ಶಿಬಿರದ ದಿನಾಂಕ ಗೊತ್ತಾಗುವುದು ಪರೀಕ್ಷೆಯ ವೇಳಾಪಟ್ಟಿ ನೋಡಿ, ಮುಂಗಾರು ನೋಡಿ ಅಲ್ಲ. ಸಮಾರೋಪದ ಹಾರ ಒಣಗುವ ಮೊದಲೇ ಸಸಿ ಒಣಗುತ್ತದೆ. ತಪ್ಪು ಯೋಜನೆಯದು ಎನ್ನಲೂ ಆಗದು. ಗಾಂಧಿ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು, 37 ವಿಶ್ವವಿದ್ಯಾಲಯಗಳಲ್ಲಿ ಶುರುವಾದ ಎನ್‌ಎಸ್‌ಎಸ್ ಒಬ್ಬ ವಿದ್ಯಾರ್ಥಿಯಿಂದ ಎರಡು ವರ್ಷಕ್ಕೆ 240 ಗಂಟೆಗಳ ಸೇವೆ ಕೇಳುತ್ತದೆ, ಹಳ್ಳಿಯೊಂದನ್ನು ದತ್ತು ತೆಗೆದುಕೊಳ್ಳಿ ಎನ್ನುತ್ತದೆ. ಎರಡು ವರ್ಷವೆಂದರೆ ಎರಡು ಬೇಸಿಗೆ. ಆ ಗಂಟೆಗಳನ್ನು ಕಾಲೇಜಿನ ಆವರಣದ ಕಸ ಗುಡಿಸಲು, ಸಮಾರಂಭಗಳಲ್ಲಿ ಕುರ್ಚಿ ಜೋಡಿಸಲು ಕಳೆಯುವ ಬದಲು ಸರದಿಯ ಮೇಲೆ ಅದೇ ಹಳ್ಳಿಗೆ ಹಂಚಬಹುದು. ಅದಕ್ಕೆ ಹೊಸ ಸುತ್ತೋಲೆಯೇನೂ ಬೇಡ. ಭಾನುವಾರದ ಬಸ್ಸಿನ ಖರ್ಚು ಯಾರು ಕೊಡಬೇಕು ಎಂಬುದೊಂದು ಇತ್ಯರ್ಥವಾಗಬೇಕು.